ಪಕ್ಕದವರ ಮಗುವಿಗೆ ಮಾತು ಕಲಿಸಿದ ಬುಧವಾರಗಳು

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಮ್ಮ ಹಿಂದಿನ ಬೀದಿಯ ಹೆಂಗಸೊಬ್ಬರು ನನ್ನನ್ನು ಕಂಡ ಕೂಡಲೇ ಕಂಬದ ಮರೆಗೆ ಸರಿದರು. ನಾನೂ ಅವರನ್ನು ನೋಡಿಲ್ಲವೆಂಬಂತೆ ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಓದತೊಡಗಿದೆ. ಅವರ ಸೊಂಟದ ಮೇಲೆ ನಾಲ್ಕು ವರ್ಷದ ಮಗ, ನನ್ನ ಕೈಯಲ್ಲಿ ನಾಲ್ಕು ವರ್ಷದ ಮಗಳು. ಆ ಜಾಗಕ್ಕೆ ಯಾರೂ ಸುಮ್ಮನೆ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಒಂದು ಗಂಟೆ ಹೊತ್ತು ಹಾಗೆಯೇ ನಟಿಸಿದೆವು.

ಸಂಜೆ ದೊಡ್ಡಬಳ್ಳಾಪುರಕ್ಕೆ ವಾಪಸು ಬರುವ ರೈಲಿನಲ್ಲಿ ಅವರೇ ಬಂದು ನನ್ನ ಎದುರಿನ ಸೀಟಿನಲ್ಲಿ ಕೂತರು. ಯಲಹಂಕ ದಾಟಿದ ಮೇಲೆ, "ಅಣ್ಣ, ನಮ್ಮನೇಲಿ ಹೇಳ್ಬೇಡಿ. ಕಿವಿ ತೋರ್ಸಕ್ಕೆ ಅಂತ ಹೇಳಿ ಬಂದಿದೀನಿ," ಅಂದರು.

"ಕಿವಿಗೆ ಏನಾಗಿದೆಯಮ್ಮ?"

"ಕಿವಿಗೆ ಏನೂ ಆಗಿಲ್ಲ. ನಿಮ್ಮ ಮಗಳಿಗೆ ಏನಾಗಿದ್ಯೋ ಅದೇ."

ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಶುರುವಾಗಿ ಎರಡೋ ಮೂರೋ ವರ್ಷವಾಗಿದ್ದ ಕಾಲ ಅದು. ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಹೆಂಡತಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಮಗಳು ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಇದ್ದಳು. ಒಂದೂವರೆ ವರ್ಷದ ಹೊತ್ತಿಗೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದನ್ನು ನಿಲ್ಲಿಸಿದಳು. ತುದಿಗಾಲಿನಲ್ಲಿ ನಡೆಯುತ್ತಿದ್ದಳು. ಏನು ಕೊಟ್ಟರೂ ಮೊದಲು ಮೂಸುತ್ತಿದ್ದಳು. ಏನಾದರೂ ಬೇಕಾದರೆ ಬೆರಳು ತೋರಿಸುತ್ತಿರಲಿಲ್ಲ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ನನ್ನ ಕೈಯನ್ನೇ ಇಕ್ಕಳದಂತೆ ಆ ವಸ್ತುವಿನ ಮೇಲೆ ಇಡುತ್ತಿದ್ದಳು. ಮುಖ ಮಾತ್ರ ನೋಡುತ್ತಿರಲಿಲ್ಲ. ಆಟಿಸಂ ಎಂಬ ಮಾತನ್ನು ನಾವು ಮೊದಲ ಸಲ ಕೇಳಿದ್ದು ಆ ಆಸ್ಪತ್ರೆಯಲ್ಲೇ. ಕೇಳಿ ಬಂದ ಮೇಲೆ ನಾನು ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಅಣ್ಣತಮ್ಮಂದಿರಿಗೆ ಹೇಳಿದೆ, ಕಾರ್ಖಾನೆಯಲ್ಲಿ ಹೇಳಿದೆ, ಬೀದಿಯಲ್ಲಿ ಕೇಳಿದವರಿಗೆಲ್ಲ ಹೇಳಿದೆ. ಹಾಗೆ ಹೇಳಿದ್ದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆ ಹೆಮ್ಮೆಯ ವಿಷಯ ಮುಂದೆ ಬರುತ್ತದೆ.

ರೈಲಿನಲ್ಲಿ ಕೂತಿದ್ದ ಆಕೆ ಮಗ್ಗದ ಮನೆಯ ಸೊಸೆ. ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್. ಬೆಳಗ್ಗೆ ಕರೆಂಟು ಬಂದರೆ ಹೋಗುವವರೆಗೂ ಸದ್ದು. ಮಗು ಕರೆದರೆ ತಿರುಗದಿದ್ದಾಗ ಅತ್ತೆ, "ಮಗ್ಗದ ಸದ್ದಿಗೆ ಕಿವಿ ಮಂದ ಆಗಿದೆ," ಅಂದಿದ್ದರಂತೆ. ಕಿವಿ ಸರಿಯಿದೆ ಎಂದು ಊರಿನ ಡಾಕ್ಟರು ಹೇಳಿದರೂ ಪೂರ್ತಿ ನಂಬದೆ, ಜೊತೆಗೆ ಇನ್ನೊಂದು ಕಾರಣವನ್ನೂ ಹುಡುಕಿದರು. ಸೊಸೆಯ ತವರು ಗೌರಿಬಿದನೂರಿನ ಆಚೆ, ಮನೆಮಾತು ತೆಲುಗು. ತಾಯಿ ಒಂದು ಭಾಷೆ, ಮನೆಯವರು ಒಂದು ಭಾಷೆ, ಅದಕ್ಕೇ ಮಗುವಿಗೆ ಗಲಿಬಿಲಿ ಆಗಿ ಮಾತು ಬಂದಿಲ್ಲ ಎಂದು ತೀರ್ಮಾನವಾಯಿತು. ಅಂದಿನಿಂದ ಆಕೆ ಮಗನೊಂದಿಗೆ ತೆಲುಗು ಮಾತಾಡಕೂಡದು.

"ಜೋಗುಳ ಕೂಡ ಹೇಳಂಗಿಲ್ಲ ಅಣ್ಣ," ಎಂದು ಆಕೆ ಕಿಟಕಿಯ ಕಡೆ ತಿರುಗಿದರು. "ಕನ್ನಡದ್ದು ನಂಗೆ ಬರಲ್ಲ. ಸುಮ್ನೆ ತಟ್ತೀನಿ."

ಆ ಆಸ್ಪತ್ರೆಯಲ್ಲಿ ನಮಗೆ ತರಬೇತಿ ಕೊಡುತ್ತಿದ್ದ ಮೇಡಂ ಒಬ್ಬರಿದ್ದರು. ಮುಂದಿನ ತಿಂಗಳು ನಾವಿಬ್ಬರೂ ಒಂದೇ ಊರಿನವರೆಂದು ತಿಳಿದಾಗ ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ತಿಂಗಳಿಗೊಂದು ಸಲ ಇಲ್ಲಿಗೆ ಬಂದರೆ ಏನೂ ಸಾಲದು, ನಿಮ್ಮ ಊರಿನಲ್ಲೇ ಮೂರು ನಾಲ್ಕು ಮಕ್ಕಳನ್ನು ಸೇರಿಸಿ ಕೂರಿಸಿ ಅಂದರು. ಇಂಥ ತೊಂದರೆ ಇಲ್ಲದ ಮಕ್ಕಳೂ ಒಂದಿಬ್ಬರು ಇರಲಿ. ಒಂದೇ ಜಾಗ, ಒಂದೇ ಹೊತ್ತು, ಪ್ರತಿ ಸಲವೂ ಒಂದೇ ಕ್ರಮ. ಕೊನೆಯಲ್ಲಿ ಹೇಳಿದ ಮಾತು ನನಗೆ ವಿಚಿತ್ರವಾಗಿ ಕಂಡಿತು.

"ನಿಮ್ಮ ಮಗುವಿಗೆ ನೀವೇ ಕಲಿಸ್ಬೇಡಿ. ಪಕ್ಕದವರ ಮಗುವಿಗೆ ಕಲಿಸಿ. ನಿಮ್ಮ ಮಗಳು ಕೈ ಹಿಡಿದು ಎಳೆದ ತಕ್ಷಣ ಅವಳಿಗೇನು ಬೇಕು ಅಂತ ನಿಮಗೆ ಗೊತ್ತಾಗುತ್ತೆ, ಕೊಟ್ಟುಬಿಡ್ತೀರಿ. ಪಕ್ಕದವರಿಗೆ ಗೊತ್ತಾಗಲ್ಲ. ಆಗ ಅವಳು ಹೇಗಾದ್ರೂ ಕೇಳಲೇಬೇಕಾಗುತ್ತೆ."

ನಮ್ಮ ಬಡಾವಣೆಯ ಅಂಗನವಾಡಿಯ ಟೀಚರಮ್ಮ ನನ್ನ ತಾಯಿಗೆ ಪರಿಚಯದವರು. ಹೋಗಿ ಕೇಳಿದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಬುಧವಾರ ಸಾಯಂಕಾಲ ಒಂದು ಗಂಟೆ ಹೊತ್ತು ಕೋಣೆ ಬಿಟ್ಟುಕೊಡುತ್ತೇನೆ, ನಾನೂ ಇರುತ್ತೇನೆ ಅಂದರು. ತಮ್ಮ ಇಬ್ಬರು ಮೊಮ್ಮಕ್ಕಳನ್ನೂ ಉಳಿಸಿಕೊಂಡರು. ಅವರು ಮಾತಿನ ಮಲ್ಲಿಯರು. ನಮ್ಮ ಮಕ್ಕಳಂಥ ಮೂರನೆಯ ಮಗು ಸಿಕ್ಕಿದ್ದು ಟೀಚರಮ್ಮನ ಮೂಲಕವೇ. ದೊಡ್ಡಬೆಳವಂಗಲದ ಕಡೆಯ ರೈತರೊಬ್ಬರು, ಅರವತ್ತು ದಾಟಿದವರು, ಮೊಮ್ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಅವರ ಮಗ ಏರ್‌ಪೋರ್ಟಿನ ಟ್ಯಾಕ್ಸಿ ಓಡಿಸುತ್ತಿದ್ದ, ಸೊಸೆ ಅಲ್ಲೇ ಒಳಗೆ ಸ್ವಚ್ಛತೆಯ ಕೆಲಸಕ್ಕಿದ್ದಳು. ಮಗು ತಾತನ ಪಾಲಿಗೆ ಬಿದ್ದಿತ್ತು. ನಾವೆಲ್ಲರೂ ಅವರನ್ನು ತಾತ ಎಂದೇ ಕರೆದೆವು.

ಮೊದಲ ಬುಧವಾರ ಏನು ನಡೆಯಿತೆಂದರೆ, ಏನೂ ನಡೆಯಲಿಲ್ಲ. ತಾತನ ಮೊಮ್ಮಗಳು ಬಾಗಿಲ ಬಳಿಯೇ ಮಲಗಿಬಿಟ್ಟಳು. ಮಗ್ಗದ ಮನೆಯ ಹುಡುಗ ಸ್ಟೀಲು ತಟ್ಟೆಯೊಂದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತ ಕೂತ. ನನ್ನ ಮಗಳು ಕೋಣೆಯ ಸುತ್ತ ತುದಿಗಾಲಿನಲ್ಲಿ ಓಡಿದಳು. ಮೇಲೆ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ಮೂರು ಮಕ್ಕಳೂ ಕಿವಿ ಮುಚ್ಚಿಕೊಂಡರು. ಅವತ್ತು ಮೂವರೂ ಸೇರಿ ಮಾಡಿದ್ದು ಅದೊಂದೇ ಕೆಲಸ. ತಾತ ಜೋರಾಗಿ ನಕ್ಕರು. "ಪರ್ವಾಗಿಲ್ಲ ಕಣಪ್ಪ, ಇವತ್ತಿನ ಪಾಠ ಆಯ್ತು."

ಆಮೇಲೆ ನಿಧಾನವಾಗಿ ಒಂದು ಕ್ರಮ ಹತ್ತಿತು. ಹೆಂಡತಿ ರಟ್ಟಿನ ಮೇಲೆ ಚಿತ್ರ ಬರೆದುಕೊಟ್ಟಳು: ಚಪ್ಪಲಿ ಬಿಡುವುದು, ಚಾಪೆಯ ಮೇಲೆ ಕೂರುವುದು, ಹಾಡು, ಚೆಂಡು, ನೀರು, ಮನೆ. ಒಂದೊಂದು ಮುಗಿದಾಗಲೂ ಆ ಚಿತ್ರವನ್ನು ಮಗುವಿನ ಕೈಯಿಂದಲೇ ಕಿತ್ತು ಡಬ್ಬಿಗೆ ಹಾಕಿಸುತ್ತಿದ್ದೆವು. ಮುಂದೆ ಏನು ಬರುತ್ತದೆಂದು ಕಣ್ಣಿಗೆ ಕಂಡರೆ ಮಕ್ಕಳ ಗಾಬರಿ ಕಡಿಮೆಯಾಗುತ್ತಿತ್ತು. ನನಗೆ ಬಂದ ಮಗು ಮಗ್ಗದ ಮನೆಯ ಹುಡುಗ. ಮನೆಯಲ್ಲಿ ಅಂಗನವಾಡಿಯ ಆಟಕ್ಕೆ ಎಂದಷ್ಟೇ ಹೇಳಿ ಅವನ ತಾಯಿ ಅವನನ್ನು ಕರೆತರುತ್ತಿದ್ದರು. ನನ್ನ ಮಗಳು ಅವನ ತಾಯಿಗೆ. ತಾತನ ಮೊಮ್ಮಗಳು ಟೀಚರಮ್ಮನಿಗೆ. ತಾತ ಟೀಚರಮ್ಮನ ಮೊಮ್ಮಕ್ಕಳನ್ನು ಸೇರಿಸಿಕೊಂಡು ಹಾಡು ಹೇಳಿಸುತ್ತಿದ್ದರು. ಎರಡನೇ ಪಾಳಿ ಇದ್ದ ವಾರ ನಾನು ಜೊತೆಗಾರನೊಬ್ಬನನ್ನು ಕಾಡಿ ಬೇಡಿ ಪಾಳಿ ಬದಲಾಯಿಸಿಕೊಳ್ಳುತ್ತಿದ್ದೆ. ಹೆಂಡತಿ ಶಾಲೆ ಮುಗಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ನಮ್ಮ ಗಂಟೆ ಮುಗಿದಿರುತ್ತಿತ್ತು. ಅವಳು ಬಂದು ಚಾಪೆ ಸುತ್ತಿಡುತ್ತಿದ್ದಳು.

ಯಂತ್ರ ಬಿಚ್ಚಿ ಜೋಡಿಸುವ ನನಗೆ ತಾಳ್ಮೆ ಇದೆ ಎಂದುಕೊಂಡಿದ್ದೆ. ಆ ಹುಡುಗನ ಎದುರು ಕೂತಾಗ ಅದು ಎಷ್ಟಿದೆ ಎಂದು ತಿಳಿಯಿತು. ಚೆಂಡನ್ನು ಅವನ ಕಡೆ ಉರುಳಿಸುವುದು, ಕಾಯುವುದು, ಅವನು ಮುಟ್ಟದಿದ್ದರೆ ಎದ್ದು ತರುವುದು, ಮತ್ತೆ ಉರುಳಿಸುವುದು. ಆರು ವಾರ ಹಾಗೇ ಹೋಯಿತು. ಏಳನೆಯ ವಾರ ಅವನು ಅದನ್ನು ಅಂಗೈಯಿಂದ ನನ್ನತ್ತ ತಳ್ಳಿದ. ನನ್ನ ಸ್ವಂತ ಮಗಳು ನಡೆದ ದಿನವೂ ನಾನು ಅಷ್ಟು ಕುಣಿದಿರಲಿಲ್ಲ. ಅವನ ತಾಯಿ ಕೋಣೆಯ ಆ ಮೂಲೆಯಿಂದ ನೋಡುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನನ್ನ ಮಗಳ ಕಡೆ ತಿರುಗಿದರು.

ಆಕೆ ನನಗಿಂತ ಬಹಳ ಚೆನ್ನಾಗಿ ಕಲಿಸುತ್ತಿದ್ದರು. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದ ಭಾಷೆ ಅಲ್ಲಿ ತಾನಾಗಿ ಹೊರಬರುತ್ತಿತ್ತು. "ರಾ ನಾನ್ನಾ, ಕೂರ್ಚೋ," ಬಾ ಕಂದ ಕೂತ್ಕೋ ಎಂದು ತೆಲುಗಿನಲ್ಲೇ ಶುರು ಮಾಡಿ, ನಾಲಿಗೆ ಕಚ್ಚಿಕೊಂಡು ಕನ್ನಡಕ್ಕೆ ಬರುತ್ತಿದ್ದರು. ನಾನೇ, "ಇರ್ಲಿ ಬಿಡಮ್ಮ, ಅವಳಿಗೆ ಕನ್ನಡವೂ ಗೊತ್ತಿಲ್ಲ, ತೆಲುಗೂ ಗೊತ್ತಿಲ್ಲ," ಅಂದೆ. ಅಂದಿನಿಂದ ಅವರು ನನ್ನ ಮಗಳೊಂದಿಗೆ ತೆಲುಗಿನಲ್ಲೇ ಮಾತಾಡಿದರು. ತಮ್ಮ ಮಗನಿಗೆ ಹೇಳಬಾರದ್ದನ್ನೆಲ್ಲ ಅವಳಿಗೆ ಹೇಳಿದರು. ಮಡಿಲಿನಲ್ಲಿ ಚೆಂಡು ಹಿಡಿದುಕೊಂಡು ಎರಡು ನಿಮಿಷ, ಮೂರು ನಿಮಿಷ ಸುಮ್ಮನೆ ಕಾಯುತ್ತಿದ್ದರು.

ಮೂರನೆಯ ತಿಂಗಳ ಒಂದು ಬುಧವಾರ ಮಗಳು ಅವರ ಮಡಿಲ ಮೇಲಿದ್ದ ಚೆಂಡನ್ನು ನೋಡಿದಳು. ಆಮೇಲೆ ಅವರ ಮುಖ ನೋಡಿದಳು. "ಇಯ್ಯಿ," ಅಂದಳು.

ತೆಲುಗಿನಲ್ಲಿ ಕೊಡು ಎಂದರ್ಥ. ಅದು ಅವಳು ಒಬ್ಬರನ್ನು ನೋಡಿ ಆಡಿದ ಮೊದಲ ಮಾತು. ಟೀಚರಮ್ಮ ಚಪ್ಪಾಳೆ ತಟ್ಟಲು ಹೋದವರು ಮಕ್ಕಳು ಬೆಚ್ಚುತ್ತಾರೆಂದು ಕೈ ತಡೆದುಕೊಂಡರು. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತುಕೊಂಡೆ.

ಅರ್ಧ ಗಂಟೆಯ ಮೇಲೆ ಹೆಂಡತಿ ಬಂದಳು. ಹೇಳಿದೆ. ಅವಳು ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಬ್ಯಾಗು ಕೆಳಗಿಡದೆ ನಿಂತೇ ಇದ್ದಳು. ಮನೆಗೆ ಬಂದು ಮಗಳಿಗೆ ಊಟ ಮಾಡಿಸುವಾಗ ಅಂದಳು: "ದಿನಾ ಮೂವತ್ತು ಮಕ್ಕಳಿಗೆ ಅ ಆ ಇ ಈ ಹೇಳಿಕೊಡ್ತೀನಿ ಕಣ್ರೀ. ನನ್ನ ಮಗಳು ಮೊದಲನೇ ಮಾತು ಇನ್ನೊಬ್ಬರಿಗೆ ಆಡಿದ್ಲು. ಅದೂ ನಂಗೆ ಬರದೇ ಇರೋ ಭಾಷೇಲಿ." ತುತ್ತು ಕಲಸುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ, ನನಗೆ ಕೇಳಿಸಲಿ ಎಂದಲ್ಲದೆ ತನಗೆ ತಾನೇ, "ಇಯ್ಯಿ, ಇಯ್ಯಿ," ಎಂದು ಹೇಳಿಕೊಂಡಳು. ಉಚ್ಚಾರ ಸರಿಯಾಗಿದೆಯೇ ಎಂದು ನೋಡಿಕೊಳ್ಳುವವಳಂತೆ.

ಇದಾಗಿ ಒಂದು ತಿಂಗಳೊಳಗೆ ಅಂಗನವಾಡಿಯ ಮೇಲ್ವಿಚಾರಕಿ ತಪಾಸಣೆಗೆ ಬಂದರು. ಹೊತ್ತು ಮೀರಿದ ಮೇಲೆ ಹೊರಗಿನವರು ಕಟ್ಟಡ ಬಳಸುತ್ತಿದ್ದಾರೆಂದು ಯಾರೋ ಹೇಳಿದ್ದರಂತೆ. ಒಳ್ಳೆಯ ಹೆಂಗಸೇ. ಬೈಯಲಿಲ್ಲ. ಆದರೆ ಬರಹದಲ್ಲಿ ಬೇಕು ಅಂದರು: ಮಕ್ಕಳ ಹೆಸರು, ವಯಸ್ಸು, ತೊಂದರೆ ಏನು, ಮನೆಯ ದೊಡ್ಡವರೊಬ್ಬರ ಸಹಿ. ಶುಕ್ರವಾರದೊಳಗೆ ತಲುಪಿಸಿದರೆ ಮೇಲಕ್ಕೆ ಕಳಿಸುತ್ತೇನೆ, ಇಲ್ಲವಾದರೆ ಟೀಚರಮ್ಮನಿಗೇ ತೊಂದರೆ.

ಬುಧವಾರದವರೆಗೆ ಕಾದೆ. ಆ ಬುಧವಾರ ಮಗ್ಗದ ಮನೆಯಾಕೆ ಬರಲಿಲ್ಲ. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆಂದು ಹಿಂದಿನ ವಾರವೇ ಹೇಳಿದ್ದರು. ತಾತ ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಹಾಕಿದೆ. ಒಂದು ಜಾಗ ಖಾಲಿ ಉಳಿಯಿತು. ಗುರುವಾರ ಮೊದಲ ಪಾಳಿ ಮುಗಿಸಿ, ಊಟ ಮಾಡಿ, ಕಾಗದವನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಹಿಂದಿನ ಬೀದಿಗೆ ಹೊರಟೆ. ಮನೆಗೆ ಮಾತ್ರ ಬರಬೇಡಿ ಅಣ್ಣ ಎಂದು ಆಕೆ ಎರಡು ಸಲ ಹೇಳಿದ್ದು ನನಗೆ ನೆನಪಿತ್ತು. ಮರೆತು ಹೋದೆನೆಂದು ಬರೆದರೆ ಸುಳ್ಳಾಗುತ್ತದೆ.

ಬಾಗಿಲು ತಟ್ಟಿದಾಗ ಒಂದು ಮಗ್ಗ ನಿಂತಿತು. ಅವರ ಗಂಡ ಕೈ ಒರೆಸಿಕೊಳ್ಳುತ್ತ ಬಂದ. ನನಗಿಂತ ಚಿಕ್ಕವನು, ಮುಖ ಪರಿಚಯವಿತ್ತು.

"ಅವ್ಳು ತರಕಾರಿಗೆ ಹೋಗವ್ಳೆ ಸಾರ್. ಏನಾಗ್ಬೇಕಿತ್ತು?"

ಆಮೇಲೆ ಬರುತ್ತೇನೆ ಎಂದು ತಿರುಗಬಹುದಿತ್ತು. ಆ ಕ್ಷಣವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಶುಕ್ರವಾರದ ಗಡುವು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನನ್ನೊಳಗೇ ಇತ್ತು. ಊರಿಗೆಲ್ಲ ಹೇಳಿಕೊಂಡು ತಲೆಯೆತ್ತಿ ನಡೆಯುತ್ತಿದ್ದ ನನಗೆ ಇವರ ಮುಚ್ಚುಮರೆ ಸಣ್ಣತನವಾಗಿ ಕಂಡಿತ್ತು. ಹೆತ್ತ ತಂದೆಗೆ ತಿಳಿಯುವುದು ಬೇಡವೇ, ಇವತ್ತಲ್ಲ ನಾಳೆ ತಿಳಿಯುವುದೇ ಅಲ್ಲವೇ ಎಂದು ನಾನೇ ನ್ಯಾಯ ತೀರ್ಮಾನ ಮಾಡಿದೆ. ಕಾಗದ ತೆಗೆದು ಅವನ ಕೈಗೆ ಕೊಟ್ಟೆ.

ಅವನು ಬೆರಳಿಟ್ಟು ಓದಿದ. ಮಗನ ಹೆಸರಿನ ಮುಂದೆ ಬಂದು ನಿಂತ. "ಆ-ಟಿ-ಸಂ. ಇದೇನ್ ಸಾರ್? ಕಿವಿದಾ?"

ನಾನು ವಿವರಿಸಿದೆ. ಹೊಸ್ತಿಲಿನ ಆಚೆ ನಿಂತು ಕಾಲು ಗಂಟೆ ವಿವರಿಸಿದೆ. ಇದು ಯಾರ ತಪ್ಪೂ ಅಲ್ಲ, ಮಾಟ ಮಂತ್ರ ಅಲ್ಲ, ಔಷಧಿಯಿಂದ ಹೋಗುವುದಲ್ಲ, ಜೀವನಪೂರ್ತಿ ಇರುತ್ತದೆ, ಆದರೆ ಕಲಿಸಿದರೆ ಕಲಿಯುತ್ತಾರೆ. ಮೇಡಂ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಚೆನ್ನಾಗಿ ಹೇಳುತ್ತಿದ್ದೇನೆ ಎಂಬ ಸಮಾಧಾನ ನನಗೆ. ಒಳಗಿನ ಬಾಗಿಲಿನ ಪರದೆಯ ಹಿಂದೆ ಅವನ ತಾಯಿ ನಿಂತಿದ್ದರು. ಅವರ ಕಾಲು ಕಾಣುತ್ತಿತ್ತು. ಅವರಿಗೂ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ.

ಅವನು ಕೊನೆಯವರೆಗೂ ಕೇಳಿದ. ಕಾಗದವನ್ನು ನನಗೆ ಹಿಂತಿರುಗಿಸಿದ. "ಅವ್ಳು ಬರ್ಲಿ ಸಾರ್," ಅಂದ. ನಾನು ಬೀದಿಗೆ ಇಳಿದಾಗ ಮಗ್ಗ ಮತ್ತೆ ಶುರುವಾಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಹೇಳ್ಬಿಟ್ಟೆ. ಒಳ್ಳೇದೇ ಆಯ್ತು, ಪಾಪ, ಇನ್ಮೇಲೆ ಆ ಯಮ್ಮ ಕದ್ದುಮುಚ್ಚಿ ಓಡಾಡೋದು ತಪ್ಪುತ್ತೆ."

ಹೆಂಡತಿ ಮಕ್ಕಳ ಪುಸ್ತಕ ತಿದ್ದುತ್ತಿದ್ದಳು. ಪೆನ್ನು ಕೆಳಗಿಟ್ಟಳು. "ಯಾರನ್ನ ಕೇಳಿ ಹೇಳಿದ್ರಿ?"

"ಯಾರನ್ನ ಕೇಳ್ಬೇಕು? ಅವನ ಅಪ್ಪನಿಗೆ ತಾನೇ ಹೇಳಿದ್ದು."

"ಅವನ ಅಮ್ಮನ್ನ ಕೇಳ್ಬೇಕಿತ್ತು," ಅಂದಳು. ಪುಸ್ತಕಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಬುಧವಾರ ಆಕೆ ಒಬ್ಬರೇ ಬಂದರು. ಮಗ ಜೊತೆಯಲ್ಲಿಲ್ಲ. ಒಳಗೆ ಬರಲಿಲ್ಲ, ಅಂಗನವಾಡಿಯ ಗೇಟಿನ ಹತ್ತಿರ ನಿಂತರು. ನಾನು ಹೋದೆ. ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ನಾಲ್ಕು ತಿಂಗಳಿಂದ ಒಂದೊಂದೇ ಮಾತು ಹೇಳ್ಕೊಂಡ್ ಬರ್ತಿದ್ದೆ ಅಣ್ಣ. ಮೊದ್ಲು ಕಿವಿ ಸರಿ ಇದೆ ಅಂದೆ. ಅದನ್ನ ಒಪ್ಪಕ್ಕೆ ಒಂದು ತಿಂಗ್ಳು ಬೇಕಾಯ್ತು. ಆಮೇಲೆ ಮಾತು ನಿಧಾನ ಅಂದೆ. ಆಮೇಲೆ ಇವ್ರಿಗೆ ಒಬ್ರಿಗೇ, ಬೇರೆ ಥರ ಕಲಿಸ್ಬೇಕಂತೆ ಅಂದೆ. ನಾದಿನಿ ಮದುವೆ ಒಂದು ಆಗ್ಬಿಡ್ಲಿ, ಪೂರ್ತಿ ಹೇಳಣ ಅಂತಿದ್ದೆ. ನೀವು ಒಂದೇ ಸಲ ಎಲ್ಲಾ ಹೇಳ್ಬಿಟ್ರಿ."

ಒಳಗೆ ಬನ್ನಿ ಎಂದು ನಾನು ಗೇಟು ತೆರೆದೆ, ಆಕೆ ನಿಂತಲ್ಲೇ ನಿಂತರು.

"ನಮ್ಮ ವಂಶದಲ್ಲಿ ಇಂಥದ್ದಿಲ್ಲ, ನಿಮ್ಮ ಕಡೆಯಿಂದ ಬಂದಿದ್ದು ಅಂತಾರೆ. ಗಂಡಿನ ಮನೆಯವರಿಗೆ ಗೊತ್ತಾಗೋದ್ರೊಳಗೆ ತವರಿಗೆ ಹೋಗು ಅಂದವ್ರೆ. ಮದುವೆಗೂ ಬರ್ಬೇಡ ಅಂತ. ಇವ್ರು ಏನೂ ಮಾತಾಡ್ಲಿಲ್ಲ. ನಾಳೆ ಹೋಗ್ತೀನಿ. ನಿಮ್ಮ ಪುಟ್ಟಿ ವಿಷ್ಯ ಹೇಳಕ್ ಬಂದೆ. ಚೆಂಡು ಎಡಗಡೆಯಿಂದ ಕೊಡಿ, ಬಲಗಡೆಯಿಂದ ಕೊಟ್ರೆ ನೋಡಲ್ಲ. ಹೇಳು ಹೇಳು ಅನ್ಬೇಡಿ, ಕಾಯಿರಿ. ಹಾಡು ಹೇಳುವಾಗ ಕೊನೇ ಪದ ಬಿಟ್ಬಿಡಿ, ಅವಳಿಗೆ ಗೊತ್ತು ಅದು, ಹೇಳಕ್ ನೋಡ್ತಾಳೆ. ಟೀಚರಮ್ಮನಿಗೂ ಹೇಳಿ."

ಒಳಗಿನಿಂದ ಮಗಳು ಓಡಿಬಂದು ಅವರ ಸೀರೆಯ ನೆರಿಗೆ ಹಿಡಿದು ಮೂಸಿದಳು. ಆಕೆ ಅವಳ ತಲೆಯ ಮೇಲೆ ಕೈಯಿಟ್ಟು, ಬಗ್ಗದೆ, ಹಾಗೆಯೇ ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

ಅದೇ ಸಂಜೆ ಅವರ ಮನೆಗೆ ಹೋದೆ. ಕ್ಷಮೆ ಕೇಳಲು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ನಿಮ್ಮ ಮಗೀದು ನೀವು ಊರೆಲ್ಲಾ ಸಾರ್ಕೊಳ್ಳಿ. ನಮ್ಮ ಮಗೀಗೆ ಯಾಕ್ ಹೆಸರಿಟ್ರಿ? ಮನೇಲಿ ಮದುವೆಗ್ ಬಂದಿರೋ ಹೆಣ್ಣು ಮಗ್ಳವ್ಳೆ, ನಿಮ್ಗೂ ಹೆಣ್ಣು ಮಗಿಲ್ವಾ?" ಅವರ ಕಣ್ಣುಗಳು ಕೆಂಪಾಗಿದ್ದವು. ಆ ಮುದುಕಿಯೂ ಅತ್ತಿದ್ದರೆಂದು ನನಗೆ ಆಗ ಹೊಳೆಯಿತು. ತಿರುಗಿ ಬಂದೆ.

ಪರವಾನಗಿ ಬಂತು, ಎರಡು ಹೆಸರಿನ ಮೇಲೆ. ತಾತನ ಮುಂದೆ ನಡೆದದ್ದೆಲ್ಲ ಹೇಳಿಕೊಂಡೆ. ಅವರು ಹಿರಿಯರು, ಇರಲಿ ಬಿಡಪ್ಪ ಅನ್ನುತ್ತಾರೆಂದು ಆಸೆಯಿತ್ತು. ಅವರು ಬೀಡಿ ಹಚ್ಚದೆ ಬೆರಳಿನಲ್ಲಿ ಉರುಳಿಸುತ್ತ ಕೂತಿದ್ದರು. "ನಮ್ ಸೊಸೇನೂ ಇನ್ನೂ ಅವಳ ತವರಿಗೆ ಹೇಳಿಲ್ಲ ಕಣಪ್ಪ. ಅಲ್ಲಿಗೂ ಒಂದ್ ಕಾಗದ ತಗೊಂಡ್ ಹೋಗ್ತೀಯಾ?" ಅಂದರು. ಸಿಟ್ಟಿನಿಂದಲ್ಲ. ನಿಜವಾಗಿಯೂ ಹೆದರಿ ಕೇಳಿದರು. ಎರಡು ವಾರದ ಮೇಲೆ ಅವರೂ ಬರುವುದನ್ನು ನಿಲ್ಲಿಸಿದರು. ಬಸ್ಸಿನಲ್ಲಿ ಮಗು ವಾಂತಿ ಮಾಡಿಕೊಳ್ಳುತ್ತದೆ ಎಂದು ಟೀಚರಮ್ಮನಿಗೆ ಹೇಳಿಕಳಿಸಿದ್ದರು.

ಮಗಳಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಬುಧವಾರ ಚಾಪೆಯ ಮೇಲೆ ಕೂರಿಸಿದರೆ ಎದುರಿನ ಖಾಲಿ ಜಾಗ ನೋಡಿ ಕಿರುಚುತ್ತಿದ್ದಳು. ಚಿತ್ರಗಳ ಕ್ರಮದಲ್ಲಿ ಎಲ್ಲವೂ ಇತ್ತು, ಆಕೆ ಮಾತ್ರ ಇರಲಿಲ್ಲ. ನಾನು ಎಡಗಡೆಯಿಂದ ಚೆಂಡು ಕೊಟ್ಟೆ, ಕಾದೆ. ಅವಳು ತನ್ನ ಮುಂಗೈ ಕಚ್ಚಿಕೊಂಡಳು. ಎರಡು ತಿಂಗಳಲ್ಲಿ ಆ ಮುಂಗೈ ಮೇಲೆ ಗಟ್ಟಿಯಾದ ಕಲೆಯೊಂದು ಬೆಳೆಯಿತು. ಮಾತು ಪೂರ್ತಿ ನಿಂತುಹೋಯಿತು.

ಹೆಂಡತಿ ಒಂದು ಭಾನುವಾರ ಬೆಳಗ್ಗೆ ಸೀರೆ ಉಟ್ಟುಕೊಂಡು ನಿಂತಳು. ಟೀಚರಮ್ಮನಿಂದ ಮಗ್ಗದ ಮನೆಯಾಕೆಯ ತವರೂರಿನ ಹೆಸರು ಕೇಳಿಕೊಂಡಿದ್ದಳು. ನಾನೂ ಬರುತ್ತೇನೆ ಅಂದೆ. "ನೀವು ಮನೇಲಿರಿ," ಅಂದಳು. ರೈಲಿನಲ್ಲಿ ಹೋಗಿ ಸಂಜೆ ಬಂದಳು. ಆ ದಿನ ನಾನು ಮಗಳ ಜೊತೆ ಅಂಗಳದಲ್ಲೇ ಕಳೆದೆ. ಗೇಟಿನ ಸದ್ದಾದಾಗೆಲ್ಲ ನೋಡಿದೆ.

ಬಂದವಳು ಕಾಲು ತೊಳೆದು ಕೂತು ಹೇಳಿದಳು. ಅಲ್ಲಿ ಆಕೆ ಅಣ್ಣನ ಮಕ್ಕಳನ್ನೂ ಪಕ್ಕದ ಮನೆಯ ಒಬ್ಬ ಹುಡುಗಿಯನ್ನೂ ಸೇರಿಸಿಕೊಂಡು ದಿನಾ ಸಾಯಂಕಾಲ ಜಗಲಿಯ ಮೇಲೆ ಕೂರುತ್ತಾರಂತೆ. ಚಿತ್ರ, ಹಾಡು, ಚೆಂಡು, ಎಲ್ಲ ಅದೇ ಕ್ರಮ. ಎಲ್ಲವೂ ತೆಲುಗಿನಲ್ಲೇ. ಹುಡುಗ ಐದಾರು ಪದ ಆಡುತ್ತಾನಂತೆ. ಅಮ್ಮಾ ಎನ್ನುತ್ತಾನಂತೆ.

"ಹಂಗಾದ್ರೆ ಒಳ್ಳೇದೇ..." ಎಂದು ನಾನು ಬಾಯಿ ತೆರೆದೆ.

"ಹಂಗನ್ಬೇಡಿ," ಹೆಂಡತಿ ತಡೆದಳು. "ಅದು ಆಕೆ ಮಾಡ್ಕೊಂಡಿದ್ದು. ನೀವು ಮಾಡಿದ್ದರಿಂದ ಆಗಿದ್ದಲ್ಲ. ಗಂಡ ಇದುವರೆಗೂ ನೋಡಕ್ ಬಂದಿಲ್ಲ. ಮದುವೆ ಆಗಿಹೋಯ್ತು, ಕರಿಯಕ್ಕೂ ಬಂದಿಲ್ಲ." ನೀರು ಕುಡಿದು ಲೋಟ ಕೆಳಗಿಟ್ಟಳು. "ನಿಮಗೆ ಹೇಳಿ ಅಂದ್ರು. ಅಣ್ಣನ ಮೇಲೆ ಕೋಪ ಇಲ್ಲ, ಆದ್ರೆ ನನ್ನ ಒಂದು ಮಾತು ಕೇಳ್ಬೇಕಿತ್ತು ಅಂತ."

ಅದಾದ ಮೇಲೆ ಹೆಂಡತಿ ಬುಧವಾರಗಳನ್ನು ತಾನೇ ಕೈಗೆ ತೆಗೆದುಕೊಂಡಳು. ಮುಖ್ಯೋಪಾಧ್ಯಾಯರನ್ನು ಕೇಳಿ ಆ ದಿನ ಬೇಗ ಹೊರಡಲು ಅನುಮತಿ ಪಡೆದಳು. ತಾತನ ಊರಿಗೆ ಹೋಗಿ, ಇನ್ನು ಯಾವ ಕಾಗದವೂ ಎಲ್ಲಿಗೂ ಹೋಗುವುದಿಲ್ಲ ಎಂದು ಸೊಸೆಗೆ ಮಾತು ಕೊಟ್ಟು ಆ ಮಗುವನ್ನು ಮತ್ತೆ ಕರೆತಂದಳು. ಹೊಸಬರು ಯಾರಾದರೂ ಬಂದರೆ ಮೊದಲು ತಾಯಿಯನ್ನು ಒಬ್ಬಳೇ ಕೂರಿಸಿಕೊಂಡು ಕೇಳುತ್ತಿದ್ದಳು: ಮನೆಯಲ್ಲಿ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ದಾರಿಯಲ್ಲಿ ಸಿಕ್ಕರೆ ಮಾತಾಡಿಸಬಹುದೇ, ಬೇಡವೇ. ನನಗೆ ಚಾಪೆ ಹಾಸುವ, ಸುತ್ತುವ ಕೆಲಸ. ಹುಡುಗರ ಎದುರು ಕೂರುವ ಕೆಲಸವೂ ನಿಧಾನವಾಗಿ ವಾಪಸು ಬಂತು. ಮಗಳ ಮಾತು ಮರಳಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಂದದ್ದು ಕನ್ನಡದಲ್ಲಿ, ತಾತನ ಎದುರಿಗೆ, "ಸಾಕು" ಎಂಬ ಮಾತು. ತಾತ ಹಾಡುತ್ತಿದ್ದರು. ಎಲ್ಲರೂ ನಕ್ಕೆವು, ಹೆಂಡತಿಯೂ.

ಮಗ್ಗದ ಮನೆಯಾಕೆ ಎರಡು ವರ್ಷದ ಮೇಲೆ ವಾಪಸು ಬಂದರೆಂದು ಬೀದಿಯಲ್ಲಿ ಕೇಳಿದೆ. ಗಂಡನೇ ಹೋಗಿ ಕರೆತಂದನಂತೆ. ಏನು ಮಾತುಕತೆಯಾಯಿತೋ ತಿಳಿಯಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಒಂದು ಶನಿವಾರ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಅಂಗಡಿಯ ಮುಂದೆ ಎದುರಾದರು. ಗಂಡ ಚೀಲ ಹಿಡಿದು ಪಕ್ಕದಲ್ಲಿದ್ದ. ಹುಡುಗ ಉದ್ದ ಬೆಳೆದಿದ್ದ. ಅಪ್ಪನ ಶರಟಿನ ತುದಿ ಹಿಡಿದಿದ್ದ. ನನ್ನ ಜೊತೆ ಮಗಳಿದ್ದಳು, ಕೊತ್ತಂಬರಿ ಕಟ್ಟೊಂದನ್ನು ಮೂಸುತ್ತ.

"ಚೆನ್ನಾಗಿದೀರಾ ಅಣ್ಣ?" ಅಂದರು ಆಕೆ. ಮಗಳ ಮುಂದೆ ಬಗ್ಗಿ ತಮ್ಮ ಭಾಷೆಯಲ್ಲಿ ಏನೋ ಮೆಲ್ಲಗೆ ಅಂದರು. ಮಗಳು ಅವರ ಭುಜದ ಮೇಲಿನಿಂದ ಎಲ್ಲೋ ನೋಡಿದಳು. "ಮರ್ತೋಗವ್ಳೆ," ಎಂದು ಆಕೆ ನಕ್ಕು ಎದ್ದುನಿಂತರು.

ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳಿದ್ದವು. ಗಂಡನ ಎದುರು ಅವನ್ನು ಎತ್ತಿದರೆ ಮತ್ತೆ ಏನಾಗುತ್ತದೋ ಎಂಬ ಹೆದರಿಕೆ. ಅದು ಹೆದರಿಕೆಯೋ, ನೆಪವೋ. "ಮಳೆ ಬರೋ ಹಂಗಿದೆ," ಅಂದೆ.

ಗಂಡ ನನ್ನನ್ನು ನೋಡಿ, "ನಿಮ್ ಮಗ್ಳು ಸ್ಕೂಲಿಗ್ ಹೋಗ್ತಾಳಾ ಸಾರ್?" ಎಂದು ಕೇಳಿದ.

"ನಮ್ಮನೆಯವರ ಶಾಲೆಗೇ ಹೋಗ್ತಾಳೆ. ಅರ್ಧ ದಿನ ಕೂರ್ತಾಳೆ."

ಅವನು ತಲೆಯಾಡಿಸಿದ. ಮಗನ ತಲೆಯ ಮೇಲೆ ಕೈಯಾಡಿಸಿದ.

"ಬುಧವಾರ ಇನ್ನೂ ಕೂರ್ತೀರಾ?" ಎಂದು ಆಕೆ ಹೊರಡುತ್ತ ಕೇಳಿದರು.

"ಕೂರ್ತೀವಿ. ಐದು ಮಕ್ಕಳಾಗಿದಾರೆ."

"ಒಳ್ಳೇದು ಅಣ್ಣ," ಅಂದರು.

ಮುಂದಿನ ಬುಧವಾರ ಅವರು ಬಂದಾರು ಎಂದು ನನಗನಿಸಿತು. ಹೆಂಡತಿಗೆ ಹೇಳಲಿಲ್ಲ. ಅವರು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಅವರ ಮನೆ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಹೋಗಿ ಕರೆಯೋಣವೇ ಎಂದು ಎರಡು ಸಲ ಆ ಬೀದಿಯ ತಿರುವಿನವರೆಗೂ ನಡೆದೆ. ಮಗ್ಗದ ಸದ್ದು ಕೇಳುತ್ತ ನಿಂತು ಹಿಂದಿರುಗಿದೆ. ಅಂದು ಹೋದದ್ದು ತಪ್ಪೆಂದು ನನಗೆ ಗೊತ್ತಿದೆ. ಆಮೇಲೆ ಹೋಗದೆ ಉಳಿದದ್ದು ಸರಿಯೋ, ಅದೂ ಇನ್ನೊಂದು ತಪ್ಪೋ, ಇಂದಿಗೂ ತಿಳಿದಿಲ್ಲ.